ಲೆನ್ಸ್ ಇರಬೇಕಾದಲ್ಲಿ ಲೋಟ

ಪ್ರಮೋದ ಚೀಲದಿಂದ ಲೆನ್ಸ್ ತೆಗೆದ. ಹಗುರ ಅನ್ನಿಸಿತು. ಗಾಬರಿಯಲ್ಲಿ ಲೆಕ್ಕಿಸಲಿಲ್ಲ. ಕ್ಯಾಮೆರಾದ ಬಾಯಿಗೆ ಹಿಡಿದು ತಿರುಗಿಸಿದ. ಕೂರಲಿಲ್ಲ. ಇನ್ನೊಂದು ಸಲ ಒತ್ತಿ ತಿರುಗಿಸಿದ. ಮುಚ್ಚಳ ಬಿಚ್ಚಿಕೊಂಡು ಕೈಗೆ ಬಂತು. ಒಳಗೆ ಗಾಜಿರಲಿಲ್ಲ. ಸ್ಟೀಲಿನ ತಳವಿತ್ತು. ತಳದಲ್ಲಿ ತೇವ ಹೀರುವ ಪುಟ್ಟ ಬಿಳಿ ಪೊಟ್ಟಣ.

ಅದು ಲೆನ್ಸಲ್ಲ. ಲೆನ್ಸಿನ ಹಾಗೆ ಮಾಡಿದ ಕಾಫಿ ಲೋಟ.

"ಅಕ್ಕಾರ..." ಎಂದ ಪ್ರಮೋದ. ಲೋಟ ಎತ್ತಿ ತೋರಿಸಿದ.

ದಾಕ್ಷಾಯಣಿ ಮೇಕಪ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಗದಗಿನವರು. ದೋಹಾದ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಿಂದ ಹದಿನೆಂಟು ವರ್ಷಗಳಿಂದ ಬ್ಯಾಚುಲರ್ ಹುಡುಗರಿಗೆ ಊಟದ ಡಬ್ಬಿ ಕಳಿಸುತ್ತ ಬಂದವರು. ಯಾವ ಡಬ್ಬಿ ಯಾರದೆಂದು ಮುಚ್ಚಳದ ತಗ್ಗು ನೋಡಿಯೇ ಹೇಳಬಲ್ಲರು. ಇವತ್ತು ಕನ್ನಡ ಸಂಘದ ಕುಟುಂಬ ಮಿಲನಕ್ಕೂ ಅವರದೇ ಅಡುಗೆ.

"ಏನಾತಪಾ?"

"ಲೆನ್ಸ್ ಹೋತ್ರಿ. ಇದನ್ನ ಇಟ್ಟು ಅದನ್ನ ಒಯ್ದಾರ. ಮೂರಕ್ಕ ಬಂದಾಗ ನೋಡಿದ್ನಿ, ಇತ್ತು."

ಈಗ ಗಂಟೆ ಐದು. ಐದೂವರೆಗೆ ಅಂಗಳದಲ್ಲಿ ಗ್ರೂಪ್ ಫೋಟೋ. ಅದು ಬರೀ ಫೋಟೋ ಅಲ್ಲ, ಪರೀಕ್ಷೆ. ಪ್ರಮೋದ ಕನ್‌ಸ್ಟ್ರಕ್ಷನ್ ಕಂಪನಿಯೊಂದರ ಸ್ಟೋರ್‌ಕೀಪರ್. ಪ್ರಾಜೆಕ್ಟ್ ಮುಗಿದಿತ್ತು. ತಿಂಗಳ ಕೊನೆಗೆ ಕೆಲಸವೂ ಮುಗಿಯುತ್ತಿತ್ತು. ಮುಶೈರಿಬ್‌ನ ಒಂದು ಇವೆಂಟ್ ಕಂಪನಿಗೆ ಫೋಟೋಗ್ರಾಫರ್ ಬೇಕಾಗಿತ್ತು. ಅಲ್ಲಿನ ಮ್ಯಾನೇಜರ್ ಜೆಸಿಕಾ ಉಡುಪಿಯವಳು. "ಆಲ್ಬಂ ಎಲ್ಲ ಬೇಡ. ನೀವು ಕೆಲಸ ಮಾಡುವುದನ್ನು ಬಂದು ನೋಡ್ತೇನೆ" ಎಂದಿದ್ದಳು. ಅವಳು ಒಪ್ಪಿದರೆ ಹೊಸ ಕೆಲಸ. ಇಲ್ಲದಿದ್ದರೆ ಹೆಂಡತಿ ಸೀಮಾಳ ಜೊತೆ ಊರಿಗೆ ಒಂದೇ ಕಡೆಯ ಟಿಕೆಟ್.

ಪ್ರಮೋದನ ಹತ್ತಿರ ಇದ್ದದ್ದು ಒಂದೇ ಲೆನ್ಸ್.

* * *

ಸುದ್ದಿ ಸಭಾಂಗಣಕ್ಕೆ ಹಬ್ಬಿತು. ಸಂಘದ ಅಧ್ಯಕ್ಷ ವೆಂಕಟರಾಮು ಮೊಬೈಲ್ ಹಿಡಿದು ಓಡಿಬಂದರು.

"ನಮ್ಮ ಸಂಘದಲ್ಲಿ ಕಳ್ಳತನ! ಈಗಲೇ ಪೊಲೀಸಿಗೆ ಫೋನ್ ಮಾಡ್ತೀನಿ."

"ಮಾಡಿದ್ರ ಕದ್ದಾಂವ ವೀಸಾ ಕಳಕೊಂಡು ಊರಿಗೆ ಹೋಗ್ತಾನ," ಎಂದರು ದಾಕ್ಷಾಯಣಿ. "ಲೆನ್ಸ್ ಸಿಗದಿದ್ರ ಇಂವ ಹೋಗ್ತಾನ. ಅರ್ಧ ತಾಸು ಕೊಡ್ರಿ. ಇಬ್ಬರೂ ಉಳೀಲಿ."

ವೆಂಕಟರಾಮು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಊಟ ಇನ್ನೂ ಬಡಿಸಿರಲಿಲ್ಲ. ಅಡುಗೆಯವರ ಮಾತು ಮೀರುವ ಹೊತ್ತಲ್ಲ.

"ಈ ಲೋಟ ಯಾರದು?" ದಾಕ್ಷಾಯಣಿ ಕೇಳಿದರು.

"ನಲವತ್ತು ಜನದಲ್ಲಿ ಯಾರದ್ದಾದ್ರೂ ಆಗಬಹುದು. ಹೋದ ವರ್ಷದ ಫೋಟೋ ಸ್ಪರ್ಧೆಯಲ್ಲಿ ಗೆಲ್ಲದವರಿಗೆಲ್ಲ ಇದನ್ನೇ ಕೊಟ್ವಿ."

ದಾಕ್ಷಾಯಣಿ ಲೋಟವನ್ನು ಮೂಗಿಗೆ ಹಿಡಿದರು. ಚಹಾದ ವಾಸನೆ ಇಲ್ಲ. ಸೋಪಿನ ವಾಸನೆಯೂ ಇಲ್ಲ. ಪೊಟ್ಟಣವನ್ನು ಎತ್ತಿ ನೋಡಿ, ವಾಪಸ್ ಅದರಲ್ಲೇ ಹಾಕಿದರು.

"ಈ ರೂಮಿಗೆ ಯಾರ‍್ಯಾರು ಬಂದಿದ್ರು?"

"ಡ್ಯಾನ್ಸಿನವರು. ಮತ್ತೆ ಬೆನ್ನಿ," ಎಂದರು ವೆಂಕಟರಾಮು. ದನಿ ತಗ್ಗಿಸಿದರು. "ನಾಲ್ಕೂವರೆಗೆ ಚೀಲ ಅಪ್ಪಿಕೊಂಡು ಹೊರಗೆ ಹೋದ. ಕಣ್ಣಾರೆ ನೋಡಿದೀನಿ."

* * *

ಬೆನ್ನಿ ಮಂಗಳೂರಿನವನು. ದೋಹಾದ ಮದುವೆ, ನಾಮಕರಣಗಳ ಫೋಟೋ ಅವನದೇ. ಪ್ರಮೋದ ಈ ಕಸುಬಿಗೆ ಇಳಿದರೆ ಮೊದಲ ಪೆಟ್ಟು ಅವನಿಗೆ.

"ಎಂತ ಮಾರಾಯ್ರೇ, ನಾನಾ?" ಬೆನ್ನಿ ಚೀಲವನ್ನು ಎದೆಗೆ ಒತ್ತಿಕೊಂಡ. "ಆ ಲೆನ್ಸ್ ನನ್ನ ಕ್ಯಾಮೆರಾಕ್ಕೆ ಕೂರುವುದೇ ಇಲ್ಲ. ನನ್ನದು ಬೇರೆ ಕಂಪೆನಿ. ಬಾಯಿಯ ಅಳತೆಯೇ ಬೇರೆ."

"ಹಂಗಂದ್ರ?" ಎಂದರು ದಾಕ್ಷಾಯಣಿ.

"ಒಂದು ಕಂಪೆನಿ ಡಬ್ಬಿಗೆ ಇನ್ನೊಂದು ಕಂಪೆನಿ ಮುಚ್ಚಳ ಹಾಕಿದ ಹಾಗೆ."

"ತಿಳೀತು. ಆದ್ರ ಇವನ ಹೊಟ್ಟಿ ಮ್ಯಾಲೆ ಹೊಡೀಬೇಕಂದ್ರ ಮುಚ್ಚಳ ಕೂಡಲೇಬೇಕಂತಿಲ್ಲ. ಚೀಲ ತೆಗೀರಿ."

"ಬೇಡ ಅಕ್ಕ."

"ತೆಗೀರಿ."

ಬೆನ್ನಿ ಜಿಪ್ ಎಳೆದ. ಕ್ಯಾಮೆರಾ. ಫ್ಲ್ಯಾಶ್. ಅದರ ಪಕ್ಕ ಲೆನ್ಸ್ ಇಡುವ ಮೆತ್ತನೆಯ ಖಾನೆಯಲ್ಲಿ, ಬೆಳ್ಳಿ ಹಾಳೆಯಲ್ಲಿ ಸುತ್ತಿದ ಆರು ಹೋಳಿಗೆ.

ಸಭಾಂಗಣ ಗೊಳ್ಳೆಂದು ನಕ್ಕಿತು. ಬೆನ್ನಿಯ ಕಿವಿ ಕೆಂಪಾಯಿತು. "ನನ್ನ ಹೆಂಡತಿಗೆ ಡ್ಯೂಟಿ, ಬರಲಿಕ್ಕೆ ಆಗಲಿಲ್ಲ. ಖಾಲಿ ಆಗ್ತದೆ ಅಂತ ಮೊದಲೇ..."

"ಕೇಳಿದ್ರ ಕೊಡ್ತಿದ್ದಿಲ್ಲೇನು?" ಎಂದು ದಾಕ್ಷಾಯಣಿ ಅವನ ಬೆರಳು ನೋಡಿದರು. ತುಪ್ಪ ಮಿನುಗುತ್ತಿತ್ತು. ಲೋಟವನ್ನು ಬೆಳಕಿಗೆ ತಿರುಗಿಸಿದರು. ಒಂದು ಜಿಡ್ಡಿನ ಗುರುತಿಲ್ಲ. "ಇವರಲ್ಲ. ಮುಂದ ನಡೀರಿ."

* * *

ಈ ಲೆನ್ಸಿಗೊಂದು ಚರಿತ್ರೆಯಿತ್ತು.

ಮೂರು ತಿಂಗಳ ಹಿಂದೆ ಪ್ರಮೋದ ಕ್ಯಾಮೆರಾ ಕೊಳ್ಳಲು ಹೊರಟಾಗ ಸೂಕ್ ವಾಕಿಫ್ ಪೇಟೆಯ ಚಹಾದ ಅಂಗಡಿಯಲ್ಲಿ ಕೂತು ಎಲ್ಲರೂ ಬುದ್ಧಿ ಹೇಳಿದ್ದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ಸಂಜಯ್. ಬೆಂಗಳೂರಿನವನು, ದೊಡ್ಡ ಆಫೀಸು, ದೊಡ್ಡ ಸಂಬಳ. "ಕ್ಯಾಮೆರಾ ಬಾಡಿ ಮುಖ್ಯ ಗುರೂ. ಅರವತ್ತು ಮೆಗಾಪಿಕ್ಸೆಲ್ ಇಲ್ಲ ಅಂದ್ರೆ ಅದು ಕ್ಯಾಮೆರಾನೇ ಅಲ್ಲ. ಲೆನ್ಸ್ ಆಮೇಲೆ ನೋಡ್ಕೊಂಡ್ರಾಯ್ತು."

ಬೆನ್ನಿ ಹೇಳಿದ್ದು ಬೇರೆ. "ಬಾಡಿ ಎರಡು ವರ್ಷಕ್ಕೆ ಹಳತಾಗ್ತದೆ ಮಾರಾಯ. ಒಳ್ಳೆ ಲೆನ್ಸ್ ಇಪ್ಪತ್ತು ವರ್ಷ ದುಡೀತದೆ."

ಪ್ರಮೋದ ದಾಕ್ಷಾಯಣಿಯವರನ್ನೂ ಕೇಳಿದ್ದ. "ನನಗೇನ್ ತಿಳೀತದಪಾ ಕ್ಯಾಮೆರಾ? ರೊಟ್ಟಿ ಮಾಡೂದಾದ್ರ ನಾ ಒಲಿ ಹಳೇದಿದ್ರೂ ತಗೋತೀನಿ. ಹಂಚು ಮಾತ್ರ ಚೊಲೋದು ಬೇಕು."

ಪ್ರಮೋದ ಹಳೆಯ ಬಾಡಿ ಕೊಂಡ. ಇದ್ದಬದ್ದದ್ದನ್ನೆಲ್ಲ ಲೆನ್ಸಿಗೆ ಹಾಕಿದ. ಮಬ್ಬು ಬೆಳಕಿನಲ್ಲೂ ಓಡುವ ಮಗುವನ್ನು ಅಲುಗದಂತೆ ಹಿಡಿಯುವ ಲೆನ್ಸ್. ಅದೇ ಕಂಪನಿಯ ಅತಿ ದುಬಾರಿ ಬಾಡಿ ಸಂಜಯ್ ಕೊಂಡ. ಲೆನ್ಸ್ ಮಾತ್ರ ಡಬ್ಬದ ಜೊತೆ ಪುಕ್ಕಟೆ ಬಂದದ್ದು. ಅವತ್ತಿನಿಂದ ಸಿಕ್ಕಸಿಕ್ಕಲ್ಲಿ ಪ್ರಮೋದನ ಆಯ್ಕೆಯನ್ನು ಗೇಲಿ ಮಾಡಿದ. "ಲಡಾಸು ಗಾಡಿಗೆ ಬಂಗಾರದ ಗಾಲಿ!"

ಈಗ ಮಾತ್ರ ಸಂಜಯ್ ಪ್ರಮೋದನ ಹೆಗಲು ತಟ್ಟಿದ. ಹಣೆಯಲ್ಲಿ ಬೆವರಿತ್ತು.

"ತಲೆ ಕೆಡಿಸ್ಕೋಬೇಡ ಗುರೂ. ನನ್ನ ಲೆನ್ಸ್ ನಿನ್ನ ಬಾಡಿಗೆ ಕೂರುತ್ತೆ. ತಗೋ. ಕ್ಯಾಮೆರಾ ಮಧ್ಯಾಹ್ನದಿಂದ ಕಾರಲ್ಲೇ ಇದೆ, ಇವತ್ತು ತೆಗೆದೇ ಇಲ್ಲ. ತಂದು ಕೊಡ್ತೀನಿ. ಯಲ್ಲಾ, ಬನ್ನಿ!"

ಎಲ್ಲರೂ ಅಂಗಳಕ್ಕೆ ನಡೆದರು.

* * *

ಸೆಪ್ಟೆಂಬರ್ ಸಂಜೆ. ಬಾಗಿಲು ತೆರೆದರೆ ಒದ್ದೆ ಕಂಬಳಿ ಮುಖಕ್ಕೆ ಹೊದಿಸಿದಂತೆ ಸೆಕೆ. ಒಳಗೆ ಏಸಿಯ ಚಳಿಯಲ್ಲಿದ್ದ ದಾಕ್ಷಾಯಣಿಯವರ ಕನ್ನಡಕ ಹೊಸ್ತಿಲು ದಾಟುತ್ತಲೇ ಬೆಳ್ಳಗಾಯಿತು. ಸೆರಗಿನಿಂದ ಒರೆಸಿದರು. ಮತ್ತೆ ಬೆಳ್ಳಗಾಯಿತು. ದೋಹಾದಲ್ಲಿ ಕನ್ನಡಕದವರಿಗೆ ಇದು ದಿನದ ಪೂಜೆ.

ಸಂಜಯ್ ಕಾರಿನ ಡಿಕ್ಕಿಯಿಂದ ಚೀಲ ತಂದ. ಕ್ಯಾಮೆರಾ ತೆಗೆದ. ಲೆನ್ಸಿನ ಮುಚ್ಚಳ ಬಿಚ್ಚಿದ. ಬಟ್ಟೆಯಿಂದ ಗಾಜು ಒರೆಸಿದ. ಮತ್ತೆ ಒರೆಸಿದ.

ದಾಕ್ಷಾಯಣಿ ತಮ್ಮ ಕನ್ನಡಕ ಒರೆಸುತ್ತಿದ್ದ ಕೈ ನಿಲ್ಲಿಸಿದರು. ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದರು.

"ಸಂಜಯ್ ಅವರ, ಕ್ಯಾಮೆರಾ ಎಲ್ಲಿತ್ತಂದ್ರಿ?"

"ಕಾರಲ್ಲಿ ಆಂಟಿ. ಮಧ್ಯಾಹ್ನದಿಂದ."

"ಮಧ್ಯಾಹ್ನದಿಂದ ಬಿಸಲಾಗ ನಿಂತ ಕಾರಿನ್ಯಾಗ ಹಿಟ್ಟಿಟ್ರ ರೊಟ್ಟಿ ಆಗತದ. ಬಿಸಿ ಗಾಜಿಗೆ ಮಂಜು ಹಿಡಿಯೂದಿಲ್ಲ. ನನ್ನ ಕನ್ನಡಕಕ್ಕ ಹಿಡೀತು, ಯಾಕಂದ್ರ ಅದು ಈಗ ಏಸಿಯಿಂದ ಬಂತು. ನಿಮ್ಮ ಗಾಜಿಗೆ ಯಾಕ ಹಿಡೀತು?"

ಸಂಜಯ್ ಒರೆಸುವುದನ್ನು ನಿಲ್ಲಿಸಿದ. ಗಾಜು ಹಾಲಿನಂತೆ ಬಿಳುಚಿತು.

"ಹತ್ತಿಪ್ಪತ್ತು ನಿಮಿಷದ ಹಿಂದ ಈ ಚೀಲ ಹಾಲ್‌ನ್ಯಾಗಿತ್ತು," ದಾಕ್ಷಾಯಣಿ ಮೆಲ್ಲಗೆ ಹೇಳಿದರು. "ನನ್ನ ಡಬ್ಬಿ ಚೀಲ ಬಿಸಿ ಹಿಡಕೊಂಡಂಗ ನಿಮ್ಮ ಮೆತ್ತನ ಚೀಲ ತಂಪು ಹಿಡಕೊಂಡೈತಿ. ಒಯ್ದ ಲೆನ್ಸ್ ನಿಮ್ಮ ಕ್ಯಾಮೆರಾಕ್ಕ ಕೂಡತದ. ಇನ್ನ ಲೋಟ. ವರ್ಷಾತು, ಒಳಗಿನ ಪೊಟ್ಣ ಸೈತ ತೆಗೆದಿಲ್ಲ. ಸಾಮಾನು ತಂದು ಬಳಸಲಾರದೇ ಇಡೂ ಮಂದಿ ಯಾರು? ನಿಮ್ಮ ಕ್ಯಾಮೆರಾದ ಹಿಂದ ನೋಡ್ರಿ."

ಎಲ್ಲರೂ ನೋಡಿದರು. ಮೂರು ತಿಂಗಳ ಹಿಂದೆ ಕೊಂಡ ಕ್ಯಾಮೆರಾದ ಪರದೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು.

"ಕೆಳಗಿನ ಖಾನೆ ತೆಗೀರಿ."

ಸಂಜಯ್ ತೆಗೆದ. ರೇಷ್ಮೆ ದುಪಟ್ಟಾದಲ್ಲಿ ಸುತ್ತಿದ ಲೆನ್ಸ್ ಹೊರಬಂತು.

"ಅದು ನನ್ನ ದುಪಟ್ಟಾ!" ಎಂದಳು ರಶ್ಮಿತಾ. ಅವನ ಹೆಂಡತಿ. ಭರತನಾಟ್ಯದ ಅಲಂಕಾರದಲ್ಲಿದ್ದಳು.

"ನಿನಗೋಸ್ಕರನೇ ಕಣೇ," ಸಂಜಯ್ ನೆಲ ನೋಡಿದ. "ಹೋದ ವರ್ಷ ನಾನು ತೆಗೆದ ಫೋಟೋ ಅಲುಗಿ ನಿನಗೆ ಆರು ಕೈ ಬಂದಿತ್ತು. ಈ ಸಲವೂ ಬಂದ್ರೆ ಬೆನ್ನಿಯನ್ನೇ ಕರೆಸ್ತೀನಿ ಅಂತ ನೀನೇ ಅಂದಿದ್ದೆ. ಹಾಲ್‌ನ ಬೆಳಕಿಗೆ ನನ್ನ ಲೆನ್ಸ್ ಸಾಲಲ್ಲ. ರಿಹರ್ಸಲ್‌ಗೆ ಹತ್ತು ನಿಮಿಷ ತಗೊಂಡು ವಾಪಸ್ ಇಡೋಣ ಅಂತ ಲೋಟ ತಂದಿದ್ದೆ. ಇಡೋಕೆ ಹೋದ್ರೆ ಇವನು ಚೀಲದ ಹತ್ತಿರವೇ ನಿಂತಿದ್ದ. ಹೆದರಿ ಕಾರಿಗೆ ಓಡಿದೆ."

"ಕೇಳಬಾರದಿತ್ತಾ?" ಎಂದಳು ರಶ್ಮಿತಾ.

"ಮೂರು ತಿಂಗಳು ಊರೆಲ್ಲ ಬೈದ ಲೆನ್ಸನ್ನ ಹೇಗೆ ಕೇಳೋದು?"

ಸಂಜಯ್ ಲೆನ್ಸನ್ನು ಪ್ರಮೋದನ ಕೈಗಿಟ್ಟ.

* * *

ಗೇಟಿನಲ್ಲಿ ಕಾರು ನಿಂತಿತು. ಜೆಸಿಕಾ ಇಳಿದಳು. ಸೂರ್ಯ ಎದುರಿನ ಕಟ್ಟಡದ ಹಿಂದೆ ಜಾರುತ್ತಿದ್ದ.

ಪ್ರಮೋದ ಲೆನ್ಸ್ ಜೋಡಿಸಿ ಕಣ್ಣಿಟ್ಟ. ಬರೀ ಬಿಳಿ. "ಅಕ್ಕಾರ, ಇದಕ್ಕೂ ಮಂಜು ಹಿಡೀತ್ರಿ. ಬಿಡಾಕ ಅರ್ಧ ತಾಸು ಬೇಕು."

"ಬೆಳಕು ಹತ್ತು ನಿಮಿಷ. ಆಮೇಲೆ ಖಲಾಸ್," ಎಂದ ಬೆನ್ನಿ.

ದಾಕ್ಷಾಯಣಿ ಲೆನ್ಸ್ ಕಿತ್ತುಕೊಂಡರು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದರು. ತಮ್ಮ ಡಬ್ಬಿ ಚೀಲ ತೆರೆದು, ಬಿಸಿ ಹೋಳಿಗೆಯ ಎರಡು ಡಬ್ಬಿಗಳ ನಡುವೆ ಇಟ್ಟು ಮುಚ್ಚಿದರು. ಪ್ರಮೋದ ಕಣ್ಣು ಮುಚ್ಚಿಕೊಂಡ. ವೆಂಕಟರಾಮು ಎಂದೂ ಇಲ್ಲದ ಚುರುಕಿನಿಂದ ಜನರನ್ನು ಸಾಲಾಗಿ ನಿಲ್ಲಿಸಿದರು.

ಐದು ನಿಮಿಷ. ಲೆನ್ಸ್ ಹೊರಬಂತು. ಗಾಜು ಕನ್ನಡಿಯಂತಿತ್ತು.

ಪ್ರಮೋದ ಹನ್ನೊಂದು ಸಲ ಒತ್ತಿದ. ಕೊನೆಯ ಬೆಳಕಿನಲ್ಲಿ ನೂರಿಪ್ಪತ್ತು ಮುಖಗಳೂ ನಗುತ್ತಿದ್ದವು, ಸಂಜಯ್‌ನದೊಂದು ಬಿಟ್ಟು.

ಜೆಸಿಕಾ ಪರದೆಯಲ್ಲಿ ಒಂದೊಂದೇ ಚಿತ್ರ ದೊಡ್ಡದು ಮಾಡಿ ನೋಡಿದಳು. ಮೂಗು ಅರಳಿಸಿದಳು. "ಲೆನ್ಸಿಗೆ ಏಲಕ್ಕಿ ಪರಿಮಳ ಎಂತಕ್ಕೆ?"

"ಸರ್ವೀಸ್ ಮಾಡ್ಸೀನ್ರಿ," ಎಂದ ಪ್ರಮೋದ.

"ಗಡಿಬಿಡಿಯಲ್ಲೂ ಒಬ್ಬರಿಗೂ ಕಣ್ಣು ಮುಚ್ಚಲಿಕ್ಕೆ ಬಿಡಲಿಲ್ಲ ನೀವು. ಶುಕ್ರ, ಶನಿ ರಜೆ. ಭಾನುವಾರ ಆಫೀಸಿಗೆ ಬನ್ನಿ. ಪೇಪರ್ಸ್ ತನ್ನಿ."

ಸೀಮಾ ಸಾಲಿನಿಂದ ಓಡಿಬಂದಳು. ಪ್ರಮೋದ ಅವಳ ಕೈ ಹಿಡಿದುಕೊಂಡ. ಆಮೇಲೆ ಕ್ಯಾಮೆರಾ ಹೆಗಲಿಗೇರಿಸಿ ಸಂಜಯ್ ಕಡೆ ತಿರುಗಿದ. "ನಡೀರಿ, ಮೇಡಂ ಡ್ಯಾನ್ಸ್ ತೆಗಿಯೂಣ. ಎರಡೇ ಕೈ ಬರ್ತಾವ, ಗ್ಯಾರಂಟಿ."

ಸಂಜಯ್ ಹಿಂದೆ ಉಳಿದು ದಾಕ್ಷಾಯಣಿಯವರ ಹತ್ತಿರ ಬಂದ. ದನಿ ಮೆತ್ತಗಿತ್ತು.

"ಆಂಟಿ, ಈಗ ನಾನು ಯಾವ ಲೆನ್ಸ್ ತಗೊಳ್ಳಲಿ?"

ದಾಕ್ಷಾಯಣಿ ಲೋಟದಿಂದ ಪೊಟ್ಟಣ ತೆಗೆದೆಸೆದರು. ತೊಳೆದು, ಚಹಾ ತುಂಬಿಸಿ ಅವನ ಕೈಗೆ ಕೊಟ್ಟರು.

"ಮೊದಲ ಆ ಕ್ಯಾಮೆರಾದ ಪ್ಲಾಸ್ಟಿಕ್ ಕೀಳ್ರಿ."