ರಂಜಿತಳ ಅರ್ಧ ಕೇಜಿ

"ಟಪ್!"

ಸ್ಪರ್ಧೆಗೆ ಮುಂಚೆ ಪಿಸ್ತೂಲು ಪರೀಕ್ಷಿಸುತ್ತಿದ್ದ ಯಶೋಧರಾ ಮೇಡಂ ರಂಜಿತಳ ಏರ್ ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ಅರ್ಧ ಕೇಜಿ ತೂಕ ತಗುಲಿಸಿ, ಮೆಲ್ಲಗೆ ಎತ್ತಿದ್ದರು ಅಷ್ಟೆ. ಗುಂಡು ಹಾಕಿರದ ಪಿಸ್ತೂಲು ಬರೀ ಗಾಳಿ ಬಿಟ್ಟಿತು.

"ಟ್ರಿಗರ್ ತುಂಬಾ ಸಡಿಲ ಇದೆಯಮ್ಮ. ಅರ್ಧ ಕೇಜಿ ಎತ್ತಿದರೂ ಅದು ಬಿಡಬಾರದು. ಬಿಟ್ಟರೆ ನೀನು ಆಡೋ ಹಾಗಿಲ್ಲ. ಮೂರು ಸಲ ಚಾನ್ಸು. ಒಂದು ಆಯ್ತು" ಎಂದರು ಮೇಡಂ.

ಪಾಂಡವಪುರದ ಆ ಹಾಲ್‌ನಲ್ಲಿ '1996ರ ಶೂಟಿಂಗ್ ಸ್ಪರ್ಧೆ' ಎಂಬ ಬ್ಯಾನರ್ ಕಟ್ಟಿದ್ದರು. ಹಿಂದೆ ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ರಂಜಿತಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಿನ್ನೆ ಸರಿಯಾಗಿತ್ತು ಮೇಡಂ! ಅರ್ಧ ಕೇಜಿ ಹಾಕಿ ನಾನೇ ನೋಡಿದೀನಿ!"

ಅದು ಸುಳ್ಳೇನಲ್ಲ. ಪಿಸ್ತೂಲು ಸ್ಕೂಲಿನ ಕ್ಲಬ್ಬಿನದು. ಟ್ರಿಗರ್ ಹಗುರವಾದಷ್ಟೂ ಕೈ ಅಲುಗುವುದು ಕಡಿಮೆ. ಅದಕ್ಕೇ ಅವಳು ಸ್ಕ್ರೂವನ್ನು ಒಂದೊಂದೇ ಚೂರು ಸಡಿಲಿಸಿ, ಅಪ್ಪನ ದಿನಸಿ ಅಂಗಡಿಯ ಅರ್ಧ ಕೇಜಿ ತೂಕಕ್ಕೆ ಸುತ್ಲಿ ಕಟ್ಟಿ, ಟ್ರಿಗರ್‌ಗೆ ನೇತುಹಾಕಿ ನೋಡಿದ್ದಳು. ಇನ್ನೊಂದು ಚೂರು ತಿರುಗಿಸಿದರೂ ಬಿಡುವ ಹಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದಳು.

"ನಿಮ್ಮ ತೂಕವೇ ಜಾಸ್ತಿ ಇರಬೇಕು ಮೇಡಂ. ತಗೊಳ್ಳಿ, ಇದರಲ್ಲಿ ನೋಡಿ!" ಎಂದು ಬ್ಯಾಗಿನಿಂದ ಆ ತೂಕವನ್ನು ತೆಗೆದೇಬಿಟ್ಟಳು.

ಜೊತೆಗೆ ಬಂದಿದ್ದ ಅಪ್ಪ ಕುಮಾರ ಗಾಬರಿಯಾದ. "ಲೇ, ಅದ್ಯಾಕವ್ವ ತಂದೆ? ಒಳೀಕ್ ಮಡಿಕೊ!"

ಮೇಡಂ ಆಗಲೇ ಕೈಚಾಚಿದ್ದರು. ಅದನ್ನು ತಗುಲಿಸಿ ಎತ್ತಿದರು. ಟ್ರಿಗರ್ ಅಲುಗಲಿಲ್ಲ. ರಂಜಿತ ಗೆದ್ದವಳ ಹಾಗೆ ಹುಡುಗರ ಕಡೆ ತಿರುಗಿದಳು.

ಮೇಡಂ ಮತ್ತೆ ತಮ್ಮ ತೂಕ ತಗುಲಿಸಿದರು.

"ಟಪ್!"

"ಎರಡಾಯ್ತು" ಎಂದ ಮೇಡಂ ರಂಜಿತಳ ತೂಕವನ್ನು ಬೋರಲು ಮಾಡಿದರು. ತಳದಲ್ಲಿ ಒಂದು ಖಾಲಿ ತೂತು. "ನೋಡು, ಇಲ್ಲಿ ಸೀಸ ತುಂಬಿ, ಅದರ ಮೇಲೆ ಸರ್ಕಾರದ ಮುದ್ರೆ ಹಾಕಿರ್ತಾರೆ. ಇದರಲ್ಲಿ ಸೀಸವೇ ಇಲ್ಲ. ಇದು ಅರ್ಧ ಕೇಜಿ ತೂಗಲ್ಲ. ಎಲ್ಲಿಂದ ತಂದೆ?"

ರಂಜಿತ ಅಪ್ಪನನ್ನು ನೋಡಿದಳು. ಅಪ್ಪ ಅವಳನ್ನು ನೋಡಲಿಲ್ಲ. ಅವನ ಕಿವಿ ಕೆಂಪಾಗಿತ್ತು.

"ಹಳೇದು ಮೇಡಂ" ಎಂದಳು.

ಪಕ್ಕಕ್ಕೆ ಹೋಗಿ ಸ್ಕ್ರೂ ಬಿಗಿ ಮಾಡಿದಳು. ಬೆವರಿಗೆ ಸ್ಕ್ರೂಡ್ರೈವರ್ ಎರಡು ಸಲ ಜಾರಿತು. ಮೂರನೇ ಸಲ ಮೇಡಂ ತೂಕ ಎತ್ತಿದಾಗ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಸದ್ದು ಬರಲಿಲ್ಲ. ಪಿಸ್ತೂಲು ಪಾಸಾಯಿತು.

ಆಟ ಮಾತ್ರ ಚೆನ್ನಾಗಿ ಆಗಲಿಲ್ಲ. ಹನ್ನೊಂದನೆಯವಳಾಗಿ ಬಂದಳು.

ತಮ್ಮೂರು ಚಿನಕುರಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಅವಳಿಗೆ ಹೊರಗಿನದೇನೂ ಕಾಣಲಿಲ್ಲ. ಕೇಳಲೋ ಬೇಡವೋ ಎಂದು ಒದ್ದಾಡಿ, ಕೊನೆಗೂ ಕೇಳಿದಳು.

"ಅಪ್ಪ, ಆ ಸೀಸ ಯಾವಾಗ ಬಿದ್ದೋಯ್ತು?"

"ಓದ್ವರ್ಸ ಇರ್ಬೇಕು ಕಣವ್ವ."

"ಅಂಗಾದ್ರೆ ನಿಂಗೊತ್ತಿತ್ತು."

"ಮುದ್ರೆ ಆಕುಸ್ಬೇಕು ಅಂತಾನೆ ಇದ್ದೆ. ಅಂಗೇ ಉಳ್ಕಂಬುಡ್ತು" ಎಂದ ಅಪ್ಪ, ಎದುರು ಸೀಟಿನ ಕಂಬಿ ಹಿಡಿದುಕೊಂಡ.

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಇದೇ ಅಪ್ಪ ಇವತ್ತು ಅವಳಿಗಾಗಿ ಅಂಗಡಿಯನ್ನೇ ಮುಚ್ಚಿ ಬಂದಿದ್ದ. ಸಿಟ್ಟನ್ನು ಎಲ್ಲಿ ಇಡಬೇಕೋ ಅವಳಿಗೆ ತಿಳಿಯಲಿಲ್ಲ.

ಊರು ಸೇರಿ ಅಪ್ಪ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಾಗೇ ಪಕ್ಕದ ಬೀದಿಯ ದೊಡ್ಡತಾಯಮ್ಮಜ್ಜಿ ಬಂದರು. "ಅರ್ಧ ಕೇಜಿ ಸಕ್ರೆ ಕೊಡ್ಲಾ ಕುಮಾರ. ಮನೇಗೆ ನೆಂಟ್ರು ಬಂದವ್ರೆ."

ಅಪ್ಪನ ಕೈ ತೂಕದ ಕಡೆ ಹೋಯಿತು. ಅರ್ಧ ಕೇಜಿ ಇನ್ನೂ ರಂಜಿತಳ ಬ್ಯಾಗಿನಲ್ಲೇ ಇತ್ತು. ಅಪ್ಪ ಅವಳ ಮುಖ ನೋಡಿದ. ಅವಳು ಬ್ಯಾಗ್ ಬಿಚ್ಚಲಿಲ್ಲ.

ಒಂದು ಕೇಜಿಯ ತೂಕವನ್ನು ಎತ್ತಿ ಬೋರಲು ಮಾಡಿ ನೋಡಿದಳು. ಸೀಸ ಇತ್ತು, ಮುದ್ರೆಯೂ ಇತ್ತು. ಒಂದು ಕೇಜಿ ಸಕ್ಕರೆ ತೂಗಿದಳು. ಆಮೇಲೆ ತೂಕವನ್ನು ಕೆಳಗಿಟ್ಟು, ಆ ಸಕ್ಕರೆಯನ್ನೇ ತಕ್ಕಡಿಯ ಎರಡೂ ತಟ್ಟೆಗೆ ಹಂಚತೊಡಗಿದಳು. ಈ ಕಡೆಯಿಂದ ಒಂದು ಚಮಚ ಆ ಕಡೆಗೆ, ಆ ಕಡೆಯಿಂದ ಅರ್ಧ ಚಮಚ ಈ ಕಡೆಗೆ. ಮುಳ್ಳು ನಟ್ಟನಡುವೆ ಬಂದು ನಿಲ್ಲುವ ತನಕ ಬಿಡಲಿಲ್ಲ.

"ಅದ್ಯಾಕವ್ವ ಇಷ್ಟೊತ್ತು ಮಾಡ್ತೀಯ? ನಿಮ್ಮಪ್ಪ ಒಂದೇ ಸಲಕ್ಕೆ ತೂಗ್ಬುಡ್ತಾನೆ" ಎಂದರು ದೊಡ್ಡತಾಯಮ್ಮಜ್ಜಿ.

"ನಾನು ಈಗ ಕಲೀತಾ ಇವ್ನಿ ಅಜ್ಜಿ."

ಅಪ್ಪ ಒಂದು ತಟ್ಟೆಯ ಸಕ್ಕರೆಯನ್ನು ಒಂದು ಕಾಳೂ ಚೆಲ್ಲದ ಹಾಗೆ ಕಾಗದಕ್ಕೆ ಸುರಿದು, ಪೊಟ್ಟಣ ಕಟ್ಟಿ, ಎರಡೂ ಕೈಯಿಂದ ಅಜ್ಜಿಗೆ ಕೊಟ್ಟ.