ಇರಬಾರದಾಗಿದ್ದ ಕಂದು ಗೆರೆ

"ಇದಾ ನಿಮ್ಮ ಆ್ಯಂಟಿಬಾಡಿ? ಥೂ! ಸಿಕ್ಕಿದ್ದಕ್ಕೆಲ್ಲಾ ಮೆತ್ಕೊಳ್ಳೋ ಮೈದಾ ಅಂಟು ಕಣ್ರಿ ಇದು!"

ಕೊಳ್ಳೇಗಾಲದ ರೇಷ್ಮೆ ಲ್ಯಾಬಿಗೆ ಹೊಸದಾಗಿ ಬಂದ ಡಾಕ್ಟರ್ ದೇವರಾಜು ಮೊದಲ ದಿನವೇ ಹೀಗೆಂದಾಗ ಕೋಮಲಳ ಕಿವಿ ಕೆಂಪಗಾಯಿತು.

ಹೊನ್ನೂರಿನ ರೈತರ ಮನೆಯಿಂದ ಎಂಎಸ್ಸಿವರೆಗೆ ಓದಿ ಬಂದವಳು ಅವಳು. ರೇಷ್ಮೆಹುಳು ತಿಂದ ಸೊಪ್ಪನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಮೊಲಕ್ಕೆ ಚುಚ್ಚಿ, ಅದರ ರಕ್ತದಿಂದ ಅವಳು ಪಡೆದ, ಆ ಕಿಣ್ವಕ್ಕೆ ಮಾತ್ರ ಅಂಟಬೇಕಾದ ಆ್ಯಂಟಿಬಾಡಿ ಅದು. ಹುಳುವಿನ ರಸದಲ್ಲಿ ಕಿಣ್ವವಿದ್ದರೆ ಪರೀಕ್ಷೆಯ ಹಾಳೆಯ ಮೇಲೆ ಕಂದು ಗೆರೆ ಮೂಡುತ್ತದೆ. ಕಿಣ್ವ ಹೆಚ್ಚಿರುವ ಗಟ್ಟಿ ತಳಿಯನ್ನು ಸುಲಭವಾಗಿ ಆರಿಸಬಹುದು. ಮೈಸೂರಿನ ತಜ್ಞರು ಬಂದು ಒಪ್ಪಿದರೆ ಅವಳ ಕೆಲಸ ಖಾಯಂ!

'ಇಲ್ಲೇ ಪಕ್ಕದ ಕಾಮಗೆರೆಯವನಂತೆ! ಡಾಕ್ಟರೇಟ್ ಬಂದ ತಕ್ಷಣ ತಲೆಗೆ ಕೊಂಬು ಬಂತಾ? ಆ ಮೀಸೆಯೋ... ತುಟಿ ಮೇಲೆ ಕಂಬಳಿಹುಳು ಹತ್ತಿದ ಹಾಗಿದೆ!'

"ನನ್ನ ಕೆಲಸಕ್ಕೆ ನಿಮ್ಮ ಸರ್ಟಿಫಿಕೇಟ್ ಬೇಕಿಲ್ಲ ಸಾರ್," ಎಂದು ಮುಖ ತಿರುಗಿಸಿದಳು.

ಅಂದಿನಿಂದ ಅವನು ಎದುರಾದರೆ ಅವಳು ಗೋಡೆ ನೋಡುತ್ತಿದ್ದಳು. ಆದರೂ ಒಮ್ಮೆ, ಜಡ ಹಿಡಿದ ಹುಳುವನ್ನು ಅವನು ಮಗುವಿನಂತೆ ಅಂಗೈಗೆತ್ತಿಕೊಂಡಾಗ ಎದೆ ಝಲ್ಲೆಂದಿತು.

'ಛೀ! ಇವನನ್ನಾ?'

ತಜ್ಞರು ಬರುವ ಹಿಂದಿನ ದಿನ, ಯಳಂದೂರಿನಲ್ಲಿ ನೆಂಟರ ಮದುವೆ ಮುಗಿಸಿ ಅವಳು ಲ್ಯಾಬಿಗೆ ಬಂದರೆ... ಅವಳ ಆ್ಯಂಟಿಬಾಡಿಯ ಸೀಸೆ ಅವನ ಕೈಯಲ್ಲಿ!

"ಕಳ್ಳ! ನಾಚ್ಕೆ ಆಗಲ್ವಾ ನಿಮ್ಗೆ?"

ಲ್ಯಾಬೆಲ್ಲ ತಿರುಗಿ ನೋಡಿತು. ಅವನು ಹಾಳೆಯೊಂದನ್ನು ಅವಳ ಮುಂದೆ ತಳ್ಳಿದ.

"ಆಮೇಲೆ ಬೈಯಿರಿ. ಇದು ಅಮೈಲೇಸೇ ಇಲ್ಲದ ತಳಿ. ಇಲ್ಲೂ ಗೆರೆ ಬಂದಿದೆ!"

"ಸುಳ್ಳು! ನನ್ನನ್ನ ಓಡಿಸೋಕೆ ಹೂಡಿದ ಆಟ!"

ಅವನ ಮುಖ ಕಪ್ಪಿಟ್ಟಿತು. ಹಾಳೆಯನ್ನು ಅಲ್ಲೇ ಬಿಟ್ಟು ಹೊರನಡೆದ.

ಹಠಕ್ಕೆ ಬಿದ್ದು ಅವಳೇ ಮತ್ತೆ ಪರೀಕ್ಷೆ ಮಾಡಿದಳು. ಅದೇ ಗೆರೆ! 'ಅಯ್ಯೋ... ಅವನು ಹೇಳಿದ್ದು ನಿಜ!'

ಮರುದಿನ ತಜ್ಞರೆದುರು ನಿಂತು ಹೇಳಿದಳು: "ನನ್ನ ಆ್ಯಂಟಿಬಾಡಿ ಬೇರೆ ಪ್ರೋಟೀನಿಗೂ ಅಂಟ್ಕೊಳ್ಳುತ್ತೆ. ವರದಿ ವಾಪಸ್ ತಗೋತೀನಿ."

ತಜ್ಞರೊಬ್ಬರು ಮೂಗು ಮುರಿದರು. "ಗದ್ದೆ ಗೇಯೋ ಮನೆಯವರಿಗೆ ಇದೆಲ್ಲಾ ಯಾಕಮ್ಮಾ?"

ಹಿಂದಿನ ಸಾಲಿನಿಂದ ದೇವರಾಜು ಎದ್ದ. "ಅನ್ನ ತಿನ್ನೋರು ಗದ್ದೆಯವರನ್ನ ಹಂಗಿಸಬಾರದು ಸಾರ್. ತನ್ನ ತಪ್ಪನ್ನ ತಾನೇ ಹೇಳೋ ಎದೆಗಾರಿಕೆ ನಿಮ್ಮಲ್ಲಿ ಎಷ್ಟು ಜನಕ್ಕಿದೆ?"

ಕೋಮಲಳಿಗೆ ಅವನತ್ತ ಕಣ್ಣೆತ್ತಲಾಗಲಿಲ್ಲ. ಚೀಲ ಹಿಡಿದು ಹೊನ್ನೂರಿನ ಬಸ್ಸು ಹತ್ತಿಬಿಟ್ಟಳು.

ಭಾನುವಾರ ಮನೆಯ ಮುಂದೆ ಆಟೋ ನಿಂತಿತು.

"ಯಾರವ್ವಾ ಇವ್ನು?" ತಾಯಿ ವೀರಮ್ಮ ಕೇಳಿದಳು.

"ನನ್ನ ಕಂಡ್ರೆ ಆಗದವ್ನು ಕಣವ್ವ."

"ನಂಗೆ ಆಗದೇ ಇದ್ದದ್ದು ಆ ಆ್ಯಂಟಿಬಾಡಿ, ನೀವಲ್ಲ," ಎಂದ ದೇವರಾಜು. "ತಜ್ಞರ ಮುಂದೆ ನಿಮ್ಮ ಮಾನ ಹೋಗ್ಬಾರ್ದು ಅಂತಲೇ ಆವತ್ತು ಪರೀಕ್ಷೆ ಮಾಡಿದ್ದು... ಮೆಲ್ಲಗೆ ಹೇಳೋಕೆ ನಂಗೆ ಬರಲ್ಲ. ಅಮೈಲೇಸ್ ಇಲ್ಲದ ಹುಳುವಿನ ರಸಕ್ಕೆ ಅದನ್ನ ಬೆರೆಸಿದ್ರೆ, ಬೇರೆ ಪ್ರೋಟೀನಿಗೆ ಅಂಟೋದೆಲ್ಲಾ ಆ ರಸಕ್ಕೇ ಅಂಟಿ ಹೋಗುತ್ತೆ, ಅಮೈಲೇಸಿಗೆ ಅಂಟೋದಷ್ಟೇ ಉಳಿಯುತ್ತೆ. ಸರಿಮಾಡ್ಬಹುದು. ಬನ್ನಿ."

"ಅದನ್ನ ಹೇಳೋಕೆ ಬಂದ್ರಾ?" ತಾಯಿ ಒಳಗೆ ಹೋದದ್ದೇ ಕೋಮಲ ಕೇಳಿದಳು.

"ಅಷ್ಟೇ ಆಗಿದ್ರೆ ಒಂದು ಕಾಗದ ಹಾಕ್ತಿದ್ದೆ." ಓದಿದ ಭಾಷೆ ಕಳಚಿ ಊರ ಮಾತು ಹೊರಬಿತ್ತು. "ನಿನ್ನ ನೋಡ್ದೆ ಇರಕ್ಕಾಯ್ತಿಲ್ಲ ಕೋಮಲ..."

ಅವಳ ಕಣ್ಣು ತುಂಬಿತು. "ಎಲ್ಲರ ಮುಂದೆ ಕಳ್ಳ ಅಂದ್ಬುಟ್ಟೆ... ತಪ್ಪಾಯ್ತು."

"ನನ್ನ ಬಾಯೂ ಕೆಟ್ಟದ್ದೇ. ಜೀವಮಾನವೆಲ್ಲಾ ತಡ್ಕತೀಯಾ?"

"ನಂದೇನು ಕಮ್ಮಿನಾ?" ಕಣ್ಣೊರೆಸಿಕೊಂಡು ನಕ್ಕಳು. "ಒಳೀಕ್ ಬನ್ನಿ, ಅವ್ವ ಕಾಯ್ತಾವ್ಳೆ."