ಉಗುರಿನ ಸಂದಿಯ ಕೆಂಪು

ವೈಶಾಖದ ಒಂದು ಬೆಳಿಗ್ಗೆ, ಬಿಸಿಲು ಏರುವ ಮುಂಚೆ, ವಿಜ್ಞಾನಿ ಪಂಪಾವತಿ ಚಿನ್ನದ ಗಣಿಯ ಏಳನೇ ಸುರಂಗದ ಗೋಡೆಗೆ ತನ್ನ ಬೆಳಕಿನ ಕೋಲು ಹಿಡಿದಳು. ಕಪ್ಪು ಬಂಡೆಯ ಬಿರುಕಿನಲ್ಲಿ ದಾಳಿಂಬೆ ಕಾಳಿನಂಥ ಹರಳು ಹೊಳೆಯಿತು. ಕೋಲು ಗುಂಯ್ ಎಂದು ಹೆಸರು ಹೇಳಿತು: ಆರ್ಸೆನೇಟ್, ಪಾಷಾಣವು ಆಮ್ಲಜನಕದೊಡನೆ ಕೂಡಿ ಆದ ಖನಿಜ.

ಹಿಂದೆಲ್ಲ ಇಂಥ ಕಲ್ಲನ್ನು ಗೀರಿ, ಬಿಳಿ ಬಿಲ್ಲೆಗೆ ಉಜ್ಜಿ ಪುಡಿಯ ಬಣ್ಣ ನೋಡಿ, ಇದ್ದಿಲ ಮೇಲೆ ಕಾಯಿಸಿ, ಬೆಳ್ಳುಳ್ಳಿ ವಾಸನೆ ಬರುತ್ತದೋ ಎಂದು ಮೂಸಬೇಕಿತ್ತು. ಈಗ ಹಾಗಿಲ್ಲ. ಪ್ರತಿ ಖನಿಜವೂ ಮೇಲೆ ಬಿದ್ದ ಬೆಳಕನ್ನು ತನ್ನದೇ ರೀತಿಯಲ್ಲಿ ಬದಲಿಸಿ ಹಿಂದಿರುಗಿಸುತ್ತದೆ. ಕಣ್ಣಿಗೆ ಕಾಣದ ಕಣವಾದರೂ ಕೋಲು ಅದನ್ನು ಓದುತ್ತಿತ್ತು. ಈ ಕೆಂಪು ಕಲ್ಲು ಆ ಒಂದು ಸುರಂಗ ಬಿಟ್ಟರೆ ಎಲ್ಲೂ ಇರಲಿಲ್ಲ.

"ವಿಷ ಐತೇನ್ರಿ ಅಕ್ಕಾರ?" ಎಂದ ಕಾರ್ಮಿಕ ಸಂಘದ ಮೌನೇಶ.

"ಐತಿ. ಪುಡಿ ಒಳಗ ಹೋಗಬಾರದು."

"ಹಂಗಾರ ಇವತ್ತ ಬಾಗಿಲಾ ಹಾಕಸ್ತೀನಿ ತಗೋರಿ."

ಹಾಕಿಸಿದ. ಮುಕಾದಮ ಬಸಲಿಂಗ ಹಲ್ಲು ಕಡಿದ. ಆ ಹರಳಿಗೆ ಹೊರಗೆ ಅವನ ಗಿರಾಕಿಗಳಿದ್ದರು.

ಕಾರಹುಣ್ಣಿಮೆಯ ಮರುದಿನ, ಸೋಮವಾರ, ಅದೇ ಬಾಗಿಲ ಒಳಗೆ ಮೌನೇಶನ ಹೆಣ ಸಿಕ್ಕಿತು. ತಲೆ ಒಡೆದಿತ್ತು, ಮೈಯೆಲ್ಲ ಕೆಂಪು ಪುಡಿ. ಕೈಗವಸು ತೊಟ್ಟ ಆಳುಗಳು ಮೇಲೆ ತಂದರು. "ಮನಿಗೆ ಒಯ್ರಿ," ಎಂದು ಬಸಲಿಂಗನೇ ಅವಸರ ಮಾಡಿದ.

ಪೊಲೀಸರು ಬರುವ ಮೊದಲೇ ಗಣಿಯ ಬಾಯಲ್ಲಿ ಜನ ಪಂಪಾವತಿಯನ್ನು ಸುತ್ತುಗಟ್ಟಿದರು. "ಕೋಲು ತರ್ರಿ! ಯಾರ ಕೈಯಾಗ ಆ ಕಲ್ಲು ಐತೋ, ಅವನೇ ಕೊಂದಾಂವ!"

ಅವಳು ಒಮ್ಮೆ ರಸ್ತೆಯ ಕಡೆ ನೋಡಿದಳು. ತನ್ನ ಕೋಲು ಎಂದೂ ತಪ್ಪು ಹೇಳಿಲ್ಲವೆಂಬ ಹೆಮ್ಮೆಯೂ ಒಳಗಿತ್ತು. ತಂದಳು.

"ಮೊದಲ ನಂದ ನೋಡ್ರಿ," ಎಂದು ಬಸಲಿಂಗ ಕೈ ಚಾಚಿದ. ಕೋಲು ಸುಮ್ಮನಿತ್ತು. ಸಾಲಾಗಿ ಎಲ್ಲರ ಕೈ ನೋಡಿದ್ದಾಯಿತು. ಕೊನೆಗೆ ಮೌನೇಶನ ತಮ್ಮ ದುರುಗಪ್ಪ ಒದ್ದೆ ಬಟ್ಟೆಯಲ್ಲೇ ಓಡಿಬಂದು ಕೈ ಮುಂದೆ ಮಾಡಿದ.

ಗುಂಯ್.

"ಹೊಲದ ಬದುವಿನ ಸಲುವಾಗಿ ಅಣ್ಣನ ಕೊರಳಪಟ್ಟಿ ಹಿಡದಿದ್ದಲ್ಲೋ, ಮರತೀವೇನು?" ಎಂದು ಗುಂಪಿನಿಂದ ಯಾರೋ ಕೂಗಿದರು.

"ಇಲ್ರೋ ಯಪ್ಪಾ, ಅಣ್ಣನ ಮೈ ನಾನ..."

ಸುತ್ತಿಗೆಯ ಹಿಡಿ ಬಾಯಿಗೇ ಬಿತ್ತು. ಮಾತು ಅಲ್ಲಿಗೆ ಮುರಿಯಿತು, ಹಲ್ಲಿನ ಜೊತೆ. ಆಮೇಲೆ ಯಾರು ಹೊಡೆದರು, ಯಾರು ತುಳಿದರು ಎಂಬ ಲೆಕ್ಕವಿಲ್ಲ. ಅಡ್ಡ ಹೋದ ಪಂಪಾವತಿಯ ಮೊಣಕೈ ಮುರಿಯಿತು. ಕಾಲಡಿಯಲ್ಲಿ ಬಿದ್ದ ಕೋಲು ರಕ್ತದ ಕೆಸರಲ್ಲೇ ಕಲ್ಲಿನ ಹೆಸರನ್ನು ಹೇಳುತ್ತಲೇ ಇತ್ತು.

ತಾಯಿ ಹನುಮವ್ವ ಬಂದದ್ದು ಮಗನನ್ನು ಕರೆಯಲಿಕ್ಕೆ. "ದುರುಗಾ, ಅಣ್ಣಗ ಹೆಗಲು ಕೊಡಬೇಕು, ಬಾರೋ..." ಜನ ದಾರಿ ಬಿಟ್ಟರು. ನೋಡಿದಳು. ಬಾಗಿ ಕೋಲೆತ್ತಿ ತನ್ನ ಉಗುರಿಗೇ ಹಿಡಿದಳು.

ಗುಂಯ್.

"ಇಬ್ಬರೂ ಕೂಡೇ ಹೆಣದ ಮೈ ತೊಳದೀವಿ. ನನ್ನೂ ಹೊಡೀರಿ." ಪಂಪಾವತಿಯ ಕಡೆ ತಿರುಗಿದಳು. "ಯವ್ವಾ, ನಿನ್ನ ಕೋಲಿಗೆ ಕೇಳಾಕ ಬರತಿದ್ದಿಲ್ಲ. ನಿನಗ ಬರತಿತ್ತಲ್ಲ?"

ಬಸಲಿಂಗ ಗುಂಪಿನಲ್ಲಿರಲಿಲ್ಲ. ಹೆಣ ಮುಟ್ಟದಿದ್ದ ಅವನ ಕೋಣೆಯಲ್ಲಿ ಸಿಕ್ಕ ಕೈಗವಸಿಗೆ ಹಿಡಿದಾಗ ಕೋಲು ಮತ್ತೆ ಗುಂಯ್ ಎಂದಿತು. ಈ ಸಲ ಯಾರೂ ಕೂಗಲಿಲ್ಲ.

ಅವನು ಊರು ಬಿಟ್ಟದ್ದು ಸೋಮವಾರ ಮಧ್ಯಾಹ್ನ. ಅಣ್ಣತಮ್ಮಂದಿರು ಒಟ್ಟಿಗೇ ಮಸಣಕ್ಕೆ ಹೊರಟದ್ದು ಮಂಗಳವಾರ.